ಕತ್ತಲ ಆಗಸದ ಶೌರ್ಯ ಮತ್ತು ಸಾಕ್ಷ್ಯದ ಪ್ರಶ್ನೆ: ಎರಡನೆಯ ಮಹಾಯುದ್ಧದ ಬಾಂಬರ್ ಸಿಬ್ಬಂದಿಯನ್ನು ಕುರಿತು

ಯುದ್ಧದಲ್ಲಿ ಮೆರೆದ ಶೌರ್ಯವು ಇತಿಹಾಸದ ಪುಟಕ್ಕೆ ಸೇರಬೇಕಾದರೆ ಅದನ್ನು ಕಂಡವರು ಇರಬೇಕು, ಕಂಡವರು ಬದುಕಿ ಉಳಿಯಬೇಕು, ಉಳಿದವರು ಅದನ್ನು ಹೇಳಬೇಕು. ಕಾಲಾಳಿನ ಸಾಹಸವನ್ನು ಅವನ ತುಕಡಿಯೇ ಕಾಣುತ್ತದೆ. ನಾವಿಕನ ಸಾಹಸವನ್ನು ಪಕ್ಕದ ಹಡಗಿನವರು ಕಾಣಬಹುದು. ಎರಡನೆಯ ಮಹಾಯುದ್ಧದಲ್ಲಿ ರಾತ್ರಿಯ ವೇಳೆ ಜರ್ಮನಿಯ ಮೇಲೆ ಹಾರಿದ ಬ್ರಿಟಿಷ್ ಬಾಂಬರ್ ವಿಮಾನಗಳ ಸಿಬ್ಬಂದಿಗೆ ಈ ಅನುಕೂಲವಿರಲಿಲ್ಲ. ಇಪ್ಪತ್ತು ಸಾವಿರ ಅಡಿ ಎತ್ತರದಲ್ಲಿ, ದೀಪವಾರಿಸಿದ ಲೋಹದ ಕೊಳವೆಯೊಂದರಲ್ಲಿ ಏಳು ಮಂದಿ ಇರುತ್ತಿದ್ದರು. ವಿಮಾನ ಹಿಂದಿರುಗದಿದ್ದರೆ ಅದರೊಳಗೆ ಕೊನೆಯ ಕ್ಷಣದಲ್ಲಿ ಯಾರು ಏನು ಮಾಡಿದರೆಂಬುದು ಆ ಏಳು ಮಂದಿಯೊಂದಿಗೇ ಮುಗಿದುಹೋಗುತ್ತಿತ್ತು. ಹೀಗಾಗಿ ಈ ಸಿಬ್ಬಂದಿಯ ಶೌರ್ಯವೆಂದು ಇಂದು ದಾಖಲಾಗಿರುವುದು ನಡೆದ ಶೌರ್ಯದ ಮೊತ್ತವಲ್ಲ, ಸಾಕ್ಷಿ ಉಳಿದ ಶೌರ್ಯದ ಮೊತ್ತ. ಈ ವ್ಯತ್ಯಾಸವನ್ನು ಮರೆತು ಪದಕಗಳ ಪಟ್ಟಿಯನ್ನೇ ಶೌರ್ಯದ ಚರಿತ್ರೆಯೆಂದು ಓದುವ ರೂಢಿ ಯುದ್ಧೇತಿಹಾಸದ ಬರಹಗಳಲ್ಲಿ ಇಂದಿಗೂ ಪ್ರಬಲವಾಗಿದೆ. ಕರ್ನಾಟಕದ ವೀರಗಲ್ಲುಗಳನ್ನು ಅಭ್ಯಸಿಸಿದವರಿಗೆ ಈ ತೊಡಕು ಹೊಸದೇನಲ್ಲ. ಮಡಿದವನ ಹೆಸರಿನೊಡನೆ ಕಲ್ಲು ನಿಲ್ಲಿಸಿದವರ ಹೆಸರೂ ಅಲ್ಲಿ ಎಷ್ಟೋ ಕಡೆ ಕಾಣಸಿಗುತ್ತದೆ. ನಿಲ್ಲಿಸುವವರಿಲ್ಲದ ವೀರನಿಗೆ ಕಲ್ಲಿಲ್ಲ.

ಸಂಖ್ಯೆಗಳ ಹಿನ್ನೆಲೆ

ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನ ಬಾಂಬರ್ ಕಮಾಂಡಿನಲ್ಲಿ ಯುದ್ಧದುದ್ದಕ್ಕೂ ಸುಮಾರು ೧,೨೫,೦೦೦ ಮಂದಿ ಹಾರಾಟದ ಸಿಬ್ಬಂದಿಯಾಗಿ ಸೇವೆ ಸಲ್ಲಿಸಿದರು. ಬ್ರಿಟನ್ನಿನವರಲ್ಲದೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳವರೂ ಪೋಲೆಂಡ್ ಮೊದಲಾದ ಆಕ್ರಮಿತ ದೇಶಗಳಿಂದ ಬಂದವರೂ ಇದರಲ್ಲಿದ್ದರು. ಇವರೆಲ್ಲರೂ ಹಾರಾಟಕ್ಕೆ ಸ್ವಇಚ್ಛೆಯಿಂದ ಮುಂದೆ ಬಂದವರೆಂಬುದು ಗಮನಾರ್ಹ. ಇವರಲ್ಲಿ ೫೫,೫೭೩ ಮಂದಿ ಮಡಿದರು. ಅಂದರೆ ನೂರಕ್ಕೆ ನಲವತ್ತನಾಲ್ಕು ಮಂದಿ. ಸುಮಾರು ಹತ್ತು ಸಾವಿರ ಮಂದಿ ಸೆರೆಸಿಕ್ಕರು.

ಒಂದು ಸರದಿಯೆಂದರೆ ಮೂವತ್ತು ದಾಳಿಗಳು. ಅದು ಮುಗಿದರೆ ಕೆಲವು ತಿಂಗಳ ಬಿಡುವು, ಅನಂತರ ಇಪ್ಪತ್ತು ದಾಳಿಗಳ ಎರಡನೆಯ ಸರದಿ. ಪ್ರತಿ ದಾಳಿಯಲ್ಲಿ ನೂರಕ್ಕೆ ಐದು ವಿಮಾನಗಳು ನಷ್ಟವಾಗುತ್ತವೆಂದು ಹಿಡಿದು ಲೆಕ್ಕ ಹಾಕಿದರೆ ಮೊದಲ ಸರದಿಯನ್ನು ಮುಗಿಸುವವರು ನೂರಕ್ಕೆ ಇಪ್ಪತ್ತೊಂದು ಮಂದಿ ಮಾತ್ರ. ಕೆಲವು ರಾತ್ರಿಗಳಲ್ಲಿ ನಷ್ಟವು ಇದನ್ನೂ ಬಹಳ ಮೀರಿತು. ೧೯೪೪ರ ಮಾರ್ಚ್ ೩೦ರ ರಾತ್ರಿ ನ್ಯೂರೆಂಬರ್ಗ್ ನಗರಕ್ಕೆ ಹೊರಟ ೭೯೫ ವಿಮಾನಗಳಲ್ಲಿ ೯೫ ಹಿಂದಿರುಗಲಿಲ್ಲ. ಸಿಬ್ಬಂದಿಗೆ ಈ ಗಣಿತ ಅಧಿಕೃತವಾಗಿ ತಿಳಿದಿರಲಿಲ್ಲ. ಆದರೆ ಬೆಳಗಿನ ಊಟದ ಮನೆಯಲ್ಲಿ ಖಾಲಿ ಬಿದ್ದ ಕುರ್ಚಿಗಳನ್ನು ಎಣಿಸಲು ಗಣಿತ ಬೇಕಿರಲಿಲ್ಲ.

ಲ್ಯಾಂಕಾಸ್ಟರ್ ಎಂಬ ನಾಲ್ಕು ಇಂಜಿನ್ನುಗಳ ವಿಮಾನವು ಈ ದಾಳಿಗಳ ಮುಖ್ಯ ಸಾಧನ. ಪೈಲಟ್, ಫ್ಲೈಟ್ ಇಂಜಿನಿಯರ್, ನ್ಯಾವಿಗೇಟರ್, ಬಾಂಬು ಗುರಿಯಿಡುವವನು, ರೇಡಿಯೋ ನಿರ್ವಾಹಕ, ಬೆನ್ನ ಮೇಲಿನ ಗನ್ನರ್, ಬಾಲದ ಗನ್ನರ್ ಎಂದು ಅದರಲ್ಲಿ ಏಳು ಮಂದಿ. ಇವರನ್ನು ಒಂದುಗೂಡಿಸುತ್ತಿದ್ದ ಕ್ರಮ ವಿಶಿಷ್ಟವಾದುದು. ತರಬೇತಿ ಕೇಂದ್ರದ ದೊಡ್ಡ ಕೊಟ್ಟಿಗೆಯೊಂದರಲ್ಲಿ ಎಲ್ಲರನ್ನೂ ಸೇರಿಸಿ, ತಮಗೆ ಬೇಕಾದವರನ್ನು ತಾವೇ ಆರಿಸಿಕೊಳ್ಳಲು ಬಿಟ್ಟುಬಿಡುತ್ತಿದ್ದರು. ಸೇನೆಯಂತಹ ಆಜ್ಞಾಬದ್ಧ ವ್ಯವಸ್ಥೆಯಲ್ಲಿ ಇದು ಅಪರೂಪ. ಅಪರಿಚಿತರು ಒಂದು ಮಧ್ಯಾಹ್ನದಲ್ಲಿ ಕಟ್ಟಿಕೊಂಡ ಈ ನಂಟೇ ಮುಂದೆ ಕುಟುಂಬದ ನಂಟಿಗಿಂತ ಬಿಗಿಯಾಯಿತೆಂಬುದು ಬದುಕಿ ಬಂದವರ ನೆನಪಿನ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸುವ ಮಾತು. ಮುಂದೆ ವಿವರಿಸಲಿರುವ ಘಟನೆಗಳಲ್ಲಿ ಬಹುಪಾಲು ಶತ್ರುವನ್ನು ಕೊಂದ ಸಾಹಸಗಳಲ್ಲ. ಈ ಏಳು ಮಂದಿಯಲ್ಲಿ ಒಬ್ಬನನ್ನು ಇನ್ನೊಬ್ಬ ಬಿಟ್ಟುಹೋಗದೆ ಇದ್ದ ಸಂಗತಿಗಳು.

ನಾರ್ಮನ್ ಜಾಕ್ಸನ್

ಇದಕ್ಕೆ ಮೊದಲ ನಿದರ್ಶನವಾಗಿ ೧೦೬ನೆಯ ಸ್ಕ್ವಾಡ್ರನ್ನಿನ ಸಾರ್ಜೆಂಟ್ ನಾರ್ಮನ್ ಜಾಕ್ಸನ್‌ನ ಪ್ರಸಂಗವನ್ನು ಗಮನಿಸಬಹುದು. ಈತ ಫ್ಲೈಟ್ ಇಂಜಿನಿಯರ್. ೧೯೪೪ರ ಏಪ್ರಿಲ್ ೨೪ರ ಹೊತ್ತಿಗೆ ಇವನ ಮೂವತ್ತು ದಾಳಿಗಳು ಮುಗಿದಿದ್ದವು. ಆದರೆ ಒಮ್ಮೆ ಬೇರೊಂದು ತಂಡದೊಡನೆ ಹಾರಿದ್ದ ಕಾರಣ ಅವನ ಸ್ವಂತ ತಂಡಕ್ಕೆ ಇನ್ನೂ ಒಂದು ದಾಳಿ ಉಳಿದಿತ್ತು. ಸರದಿಯನ್ನು ಎಲ್ಲರೂ ಒಟ್ಟಿಗೆ ಮುಗಿಸಬೇಕೆಂದು ಅವನು ಮತ್ತೊಮ್ಮೆ ಹೊರಟನು. ಹೊರಡುವ ಮುನ್ನ ಅವನಿಗೆ ಮೊದಲ ಮಗ ಹುಟ್ಟಿದ ಸುದ್ದಿ ಬಂದಿತ್ತು. ಏಪ್ರಿಲ್ ೨೬ರ ಆ ರಾತ್ರಿಯ ಗುರಿ, ಬಾಲ್ ಬೇರಿಂಗ್ ಕಾರ್ಖಾನೆಗಳಿದ್ದ ಶ್ವೈನ್‌ಫುರ್ಟ್ ಪಟ್ಟಣ.

ಬಾಂಬುಗಳನ್ನು ಬೀಳಿಸಿ ಮೇಲೇರುತ್ತಿದ್ದಾಗ ಜರ್ಮನ್ ಯುದ್ಧವಿಮಾನವೊಂದು ಎರಗಿತು. ಬಲಗಡೆಯ ರೆಕ್ಕೆಯ ಮೇಲೆ, ಇಂಧನದ ತೊಟ್ಟಿಯ ಬಳಿ ಬೆಂಕಿ ಹತ್ತಿಕೊಂಡಿತು. ಜಾಕ್ಸನ್‌ನ ಕಾಲಿಗೂ ಭುಜಕ್ಕೂ ಗುಂಡಿನ ಚೂರುಗಳು ತಾಗಿದ್ದವು. ಬೆಂಕಿಯನ್ನು ತಾನು ಆರಿಸಬಲ್ಲೆನೆಂದು ಹೇಳಿ, ಅಗ್ನಿಶಾಮಕದ ಡಬ್ಬಿಯನ್ನು ಅಂಗಿಯೊಳಗೆ ತುರುಕಿಕೊಂಡು, ಪ್ಯಾರಾಚೂಟ್ ಕಟ್ಟಿಕೊಂಡು, ಪೈಲಟ್‌ನ ತಲೆಯ ಮೇಲಿನ ಕಿಂಡಿಯಿಂದ ಅವನು ಹೊರಕ್ಕೆ ತೆವಳತೊಡಗಿದನು. ವಿಮಾನದ ವೇಗ ಗಂಟೆಗೆ ಇನ್ನೂರು ಮೈಲಿ. ಅವನು ಪೂರ್ತಿ ಹೊರಬೀಳುವ ಮುನ್ನವೇ ಪ್ಯಾರಾಚೂಟಿನ ಗಂಟು ಬಿಚ್ಚಿ ಬಟ್ಟೆಯೆಲ್ಲ ಒಳಗೆ ಹರಡಿಕೊಂಡಿತು. ಆಗಲೂ ಅವನು ಹಿಂದಿರುಗಲಿಲ್ಲ. ಪೈಲಟ್, ನ್ಯಾವಿಗೇಟರ್ ಮತ್ತು ಬಾಂಬು ಗುರಿಕಾರ ಮೂವರೂ ಆ ಬಟ್ಟೆಯನ್ನು ಬಾಚಿ ಹಿಡಿದು, ಅವನು ಮುಂದೆ ಸರಿದಂತೆ ಹಗ್ಗಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಹೋದರು. ಜಾಕ್ಸನ್ ಜಾರಿ ರೆಕ್ಕೆಯ ಮೇಲೆ ಬಿದ್ದು ಅದರ ಅಂಚಿನ ಗಾಳಿಕಿಂಡಿಯನ್ನು ಹಿಡಿದುಕೊಂಡನು. ಡಬ್ಬಿ ಕೈತಪ್ಪಿ ಹೋಯಿತು. ಮುಖ, ಕೈ, ಬಟ್ಟೆಗಳು ಬೆಂದವು. ಹಿಡಿತ ಸಡಿಲಿ ಅವನು ಜ್ವಾಲೆಯ ನಡುವಿನಿಂದಲೇ ಹಿಂದಕ್ಕೆ ಎಸೆಯಲ್ಪಟ್ಟನು. ಅಲ್ಲಲ್ಲಿ ಉರಿಯುತ್ತಿದ್ದ, ಅರ್ಧವಷ್ಟೇ ಬಿಚ್ಚಿಕೊಂಡ ಪ್ಯಾರಾಚೂಟ್ ಅವನನ್ನು ನೆಲಕ್ಕಿಳಿಸಿತು. ಕಾಲಿನ ಗಿಣ್ಣು ಮುರಿದಿತ್ತು. ಬೆಳಕು ಹರಿದ ಮೇಲೆ ತೆವಳುತ್ತ ಹತ್ತಿರದ ಹಳ್ಳಿಯನ್ನು ಸೇರಿ ಸೆರೆಯಾದನು. ಹತ್ತು ತಿಂಗಳು ಆಸ್ಪತ್ರೆಯಲ್ಲಿ ಕಳೆದನು.

ಉಳಿದವರಲ್ಲಿ ನಾಲ್ವರು ಹಾರಿ ಬದುಕಿದರು. ಪೈಲಟ್ ಫ್ರೆಡ್ ಮಿಫ್ಲಿನ್ ಮತ್ತು ಬಾಲದ ಗನ್ನರ್ ಇಬ್ಬರೂ ಮಡಿದರು. ಇಡೀ ಪ್ರಸಂಗ ಹೊರಜಗತ್ತಿಗೆ ತಿಳಿದುದು ಈ ನಾಲ್ವರು ಯುದ್ಧ ಮುಗಿದ ಮೇಲೆ ಸೆರೆಯಿಂದ ಮರಳಿ ಹೇಳಿದಾಗ. ಜಾಕ್ಸನ್‌ಗೆ ವಿಕ್ಟೋರಿಯಾ ಕ್ರಾಸ್ ಘೋಷಣೆಯಾದುದು ೧೯೪೫ರ ಅಕ್ಟೋಬರಿನಲ್ಲಿ, ಘಟನೆ ನಡೆದು ಒಂದೂವರೆ ವರ್ಷದ ಅನಂತರ. ಆ ನಾಲ್ವರೂ ವಿಮಾನದೊಡನೆ ಉರಿದುಹೋಗಿದ್ದರೆ ದಾಖಲೆಯಲ್ಲಿ ಉಳಿಯುತ್ತಿದ್ದುದು 'ಹಿಂದಿರುಗಲಿಲ್ಲ' ಎಂಬ ಒಂದೇ ಮಾತು. ಇನ್ನೊಂದು ಅಂಶವೂ ಇಲ್ಲಿದೆ. ಉರಿಯುವ ವಿಮಾನದಲ್ಲಿ ತಾವು ಹಾರಿಕೊಳ್ಳುವುದನ್ನು ಬಿಟ್ಟು ಗೆಳೆಯನ ಹಗ್ಗ ಹಿಡಿದು ನಿಂತ ಮೂವರ ಧೈರ್ಯವನ್ನು ಯಾವ ಪದಕವೂ ಪ್ರತ್ಯೇಕವಾಗಿ ಗುರುತಿಸಲಿಲ್ಲ. ಜಾಕ್ಸನ್‌ನ ಪ್ರಶಸ್ತಿಯ ವಿವರಣೆಯಲ್ಲಿ ಅವರು ಒಂದು ವಾಕ್ಯದಲ್ಲಿ ಬಂದು ಹೋಗುತ್ತಾರೆ.

ಸಾಕ್ಷಿಯಾಗಿ ಉಳಿದವರು

ಕೆನಡಾದ ೪೧೯ನೆಯ ಸ್ಕ್ವಾಡ್ರನ್ನಿನ ಆ್ಯಂಡ್ರ್ಯೂ ಮಿನಾರ್ಸ್ಕಿಯ ಪ್ರಸಂಗದಲ್ಲಿ ಸಾಕ್ಷಿ ಉಳಿದುದೇ ಒಂದು ಆಕಸ್ಮಿಕ. ವಿನಿಪೆಗ್ ನಗರದಲ್ಲಿ ನೆಲೆಸಿದ್ದ ಪೋಲಿಷ್ ವಲಸಿಗ ಕುಟುಂಬದಲ್ಲಿ ಹುಟ್ಟಿದ ಇವನು ಬೆನ್ನ ಮೇಲಿನ ಗನ್ನರ್. ೧೯೪೪ರ ಜೂನ್ ೧೨ರ ರಾತ್ರಿ ಫ್ರಾನ್ಸಿನ ಕಾಂಬ್ರೇ ರೈಲುನಿಲ್ದಾಣದ ಮೇಲಿನ ದಾಳಿಗೆ ಹೋಗಿದ್ದಾಗ ವಿಮಾನಕ್ಕೆ ಗುಂಡು ತಗುಲಿ ಎಡಗಡೆಯ ಎರಡೂ ಇಂಜಿನ್ನುಗಳು ನಿಂತವು, ಬೆಂಕಿ ಹಬ್ಬಿತು, ಹಾರಿಕೊಳ್ಳಲು ಆಜ್ಞೆಯಾಯಿತು. ಬಾಗಿಲ ಬಳಿಗೆ ಬಂದ ಮಿನಾರ್ಸ್ಕಿಗೆ ಬಾಲದ ಗನ್ನರ್ ಪ್ಯಾಟ್ ಬ್ರೋಫಿ ತನ್ನ ಬಂದೂಕುಗೂಡಿನಲ್ಲಿ ಸಿಕ್ಕಿಕೊಂಡಿರುವುದು ಕಂಡಿತು. ಗೂಡನ್ನು ತಿರುಗಿಸುವ ಯಂತ್ರ ಕೆಟ್ಟಿತ್ತು. ಬೆಂಕಿಯ ನಡುವೆ ತೆವಳಿ ಹೋಗಿ ಕೊಡಲಿಯಿಂದಲೂ ಅನಂತರ ಬರಿಗೈಯಿಂದಲೂ ಅದನ್ನು ಬಿಡಿಸಲು ಅವನು ಯತ್ನಿಸಿದನು. ಪ್ರಯೋಜನವಾಗಲಿಲ್ಲ. ಹೊರಟುಹೋಗೆಂದು ಬ್ರೋಫಿ ಸನ್ನೆ ಮಾಡಿದ ಮೇಲೆ, ಬೆಂಕಿಯಲ್ಲಿಯೇ ಹಿಂದಕ್ಕೆ ಸರಿದು, ನೆಟ್ಟಗೆ ನಿಂತು ವಂದಿಸಿ, ಉರಿಯುವ ಬಟ್ಟೆಯೊಡನೆ ಹೊರಕ್ಕೆ ಹಾರಿದನು. ನೆಲ ಮುಟ್ಟಿದ ಮೇಲೆ ಸುಟ್ಟ ಗಾಯಗಳಿಂದ ಸತ್ತನು.

ಸಾಯಬೇಕಾಗಿದ್ದವನು ಬ್ರೋಫಿ. ಆದರೆ ವಿಮಾನ ನೆಲಕ್ಕಪ್ಪಳಿಸಿದ ರಭಸಕ್ಕೆ ಅವನ ಗೂಡು ಒಡೆದು ಅವನು ಹೊರಗೆಸೆಯಲ್ಪಟ್ಟು ಬದುಕಿದನು. ಫ್ರೆಂಚ್ ಪ್ರತಿರೋಧ ಪಡೆಯವರು ಅವನನ್ನು ಬಚ್ಚಿಟ್ಟರು. ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಮರಳಿದ ಮೇಲೆಯೇ ಮಿನಾರ್ಸ್ಕಿಯ ಸಾವು ಅವನಿಗೆ ತಿಳಿಯಿತು. ವಿಮಾನದ ಹಿಂಭಾಗದಲ್ಲಿ ನಡೆದುದಕ್ಕೆ ಬೇರೆ ಯಾರೂ ಸಾಕ್ಷಿಯಿರಲಿಲ್ಲ. ೧೯೪೬ರ ಅಕ್ಟೋಬರಿನಲ್ಲಿ ಘೋಷಿತವಾದ ವಿಕ್ಟೋರಿಯಾ ಕ್ರಾಸ್ ಹೀಗೆ ಒಬ್ಬನ ಕಣ್ಣಿನ ಆಧಾರದ ಮೇಲೆ ನಿಂತಿದೆ. ಕೆನಡಾದ ಹ್ಯಾಮಿಲ್ಟನ್ ನಗರದ ಸಂಗ್ರಹಾಲಯವೊಂದು ಹಾರಾಡುವ ಸ್ಥಿತಿಯಲ್ಲಿ ಉಳಿಸಿಕೊಂಡು ಬಂದಿರುವ ಲ್ಯಾಂಕಾಸ್ಟರಿಗೆ ಮಿನಾರ್ಸ್ಕಿಯ ವಿಮಾನದ ಗುರುತುಗಳನ್ನೇ ಬರೆಯಲಾಗಿದೆ.

ಇಪ್ಪತ್ತು ವರ್ಷದ ಲೆಸ್ಲಿ ಮ್ಯಾನ್ಸರ್‌ನ ಕಥೆಯೂ ಇದೇ ಜಾಡಿನದು. ೧೯೪೨ರ ಮೇ ೩೦ರಂದು ಕಲೋನ್ ನಗರದ ಮೇಲೆ ನಡೆದ ಸಾವಿರ ವಿಮಾನಗಳ ದಾಳಿಯಿಂದ ಮರಳುವಾಗ, ತನ್ನ ಆರು ಸಂಗಡಿಗರು ಹಾರಿಕೊಳ್ಳುವವರೆಗೆ ವಿಮಾನವನ್ನು ಸ್ಥಿರವಾಗಿ ಹಿಡಿದು, ತನಗಾಗಿ ನೀಡಿದ ಪ್ಯಾರಾಚೂಟನ್ನು ನಿರಾಕರಿಸಿ ಅದರೊಡನೆಯೇ ಅವನು ಮಡಿದನು. ಆರು ಮಂದಿಯಲ್ಲಿ ಐವರು ಬೆಲ್ಜಿಯಂನ ಗುಪ್ತ ಜಾಲದ ನೆರವಿನಿಂದ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಬಂದು ಹೇಳಿದುದರಿಂದ ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಶಸ್ತಿ ಬಂದಿತು. ಬಂದ ದಾರಿ ಸುಗಮವಾದಷ್ಟು ಪ್ರಶಸ್ತಿ ಬೇಗ ಬಂದಿದೆ, ಅಷ್ಟೆ.

ಸಾಕ್ಷ್ಯದ ಪ್ರಶ್ನೆಯನ್ನು ಅದರ ತುದಿಗೆ ಒಯ್ಯುವುದು ನ್ಯೂಜಿಲೆಂಡಿನ ಲಾಯ್ಡ್ ಟ್ರಿಗ್‌ನ ಪ್ರಸಂಗ. ಇವನು ಬಾಂಬರ್ ಕಮಾಂಡಿನವನಲ್ಲ, ಕಡಲ ಕಾವಲಿಗಿದ್ದ ಪಡೆಯವನು. ಆದರೆ ಹಾರಿಸುತ್ತಿದ್ದುದು ಲಿಬರೇಟರ್ ಎಂಬ ಭಾರಿ ಬಾಂಬರನ್ನೇ. ೧೯೪೩ರ ಆಗಸ್ಟ್ ೧೧ರಂದು ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಿಂದ ಹೊರಟು ಯು-೪೬೮ ಎಂಬ ಜರ್ಮನ್ ಜಲಾಂತರ್ಗಾಮಿಯನ್ನು ಕಂಡು ಎರಗಿದನು. ವಿಮಾನಕ್ಕೆ ಬೆಂಕಿ ಹತ್ತಿದ ಮೇಲೂ ತಿರುಗಿ ಸಮುದ್ರಕ್ಕಿಳಿಯುವ ಯತ್ನ ಮಾಡದೆ ದಾಳಿಯನ್ನು ಮುಗಿಸಿದನು. ವಿಮಾನ ಕಡಲಿಗೆ ಬಿದ್ದು ಎಂಟು ಮಂದಿಯೂ ಸತ್ತರು. ಜಲಾಂತರ್ಗಾಮಿಯೂ ಮುಳುಗಿತು. ಅದರ ಕಪ್ತಾನ ಕ್ಲೆಮೆನ್ಸ್ ಶಾಮೊಂಗ್ ಮತ್ತು ಆರು ಮಂದಿ, ಸತ್ತವರ ವಿಮಾನದಿಂದಲೇ ತೇಲಿಬಂದ ರಬ್ಬರ್ ದೋಣಿಯನ್ನು ಹಿಡಿದು ಬದುಕಿದರು. ಬ್ರಿಟಿಷ್ ಹಡಗೊಂದು ಇವರನ್ನು ಎತ್ತಿಕೊಂಡಾಗ ಶಾಮೊಂಗ್ ತನ್ನನ್ನು ಮುಳುಗಿಸಿದವನ ಧೈರ್ಯವನ್ನು ಬಣ್ಣಿಸಿದನು. ಟ್ರಿಗ್‌ನ ವಿಕ್ಟೋರಿಯಾ ಕ್ರಾಸ್ ಸಂಪೂರ್ಣವಾಗಿ ಶತ್ರುವಿನ ಸಾಕ್ಷ್ಯದ ಮೇಲೆಯೇ ನೀಡಿದುದು. ಶತ್ರುವಿನ ಬಾಯಿಂದ ಬಂದ ಈ ಸಾಕ್ಷ್ಯದ ಘನತೆ ಬೇರೆಯದೇ ಆದರೂ, ಅದೇ ವಿಮಾನದ ಉಳಿದ ಏಳು ಮಂದಿಯ ಬಗೆಗೆ ಶತ್ರುವೂ ಏನನ್ನೂ ಹೇಳಲು ಸಾಧ್ಯವಿರಲಿಲ್ಲ.

ಪದಕಗಳ ನಿಯಮ

ಇಲ್ಲಿ ಪದಕಗಳ ವ್ಯವಸ್ಥೆಯನ್ನೂ ವಿವರಿಸಬೇಕಾಗುತ್ತದೆ. ಆ ಕಾಲದ ಬ್ರಿಟಿಷ್ ನಿಯಮಗಳ ಪ್ರಕಾರ ಯುದ್ಧದ ಸಾಹಸಕ್ಕಾಗಿ ಮರಣೋತ್ತರವಾಗಿ ಕೊಡಬಹುದಾಗಿದ್ದುದು ಎರಡೇ: ಅತ್ಯುನ್ನತವಾದ ವಿಕ್ಟೋರಿಯಾ ಕ್ರಾಸ್, ಇಲ್ಲವೇ ವರದಿಯಲ್ಲಿ ಹೆಸರಿನ ಉಲ್ಲೇಖ. ನಡುವಣ ಯಾವ ಪದಕವೂ ಸತ್ತವರಿಗೆ ಸಲ್ಲುತ್ತಿರಲಿಲ್ಲ. ಈ ನಿಯಮ ಬದಲಾದುದು ೧೯೭೯ರಲ್ಲಿ. ಜೊತೆಗೆ ದರ್ಜೆಯ ಭೇದವೂ ಇತ್ತು. ಒಂದೇ ವಿಮಾನದಲ್ಲಿ ಒಂದೇ ಅಪಾಯವನ್ನು ಎದುರಿಸಿದರೂ ಅಧಿಕಾರಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್, ಸಾರ್ಜೆಂಟಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಮೆಡಲ್. ಯುದ್ಧಕಾಲದಲ್ಲಿ ಮೊದಲನೆಯದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ದೊರೆತರೆ ಎರಡನೆಯದು ಏಳು ಸಾವಿರ ಮಂದಿಗೂ ದೊರೆಯಲಿಲ್ಲ. ಹಾರಾಡಿದವರಲ್ಲಿ ಸಾರ್ಜೆಂಟರ ಸಂಖ್ಯೆಯೇನೂ ಸಣ್ಣದಾಗಿರಲಿಲ್ಲ. ಈ ಭೇದ ತೊಲಗಲು ೧೯೯೩ ಬರಬೇಕಾಯಿತು.

ಪ್ರಶಸ್ತಿಯೊಡನೆ ಲಂಡನ್ ಗೆಜೆಟ್ ಪತ್ರದಲ್ಲಿ ಪ್ರಕಟವಾಗುತ್ತಿದ್ದ ವಿವರಣೆಗಳನ್ನು ಆಕರಗಳಾಗಿ ಬಳಸುವಾಗಲೂ ಎಚ್ಚರ ಬೇಕು. ೧೯೪೩ರ ಆಗಸ್ಟ್ ೧೨ರ ರಾತ್ರಿ ಟ್ಯೂರಿನ್ ದಾಳಿಯಲ್ಲಿ ಆರ್ಥರ್ ಏರನ್ ಎಂಬ ಪೈಲಟ್‌ನ ದವಡೆ ಒಡೆದು, ಶ್ವಾಸಕೋಶಕ್ಕೆ ಗಾಯವಾಗಿ, ಬಲಗೈ ನಿಷ್ಕ್ರಿಯವಾಗಿತ್ತು. ಮಾತು ನಿಂತಿದ್ದ ಅವನು ಎಡಗೈಯಿಂದ ಸೂಚನೆಗಳನ್ನು ಬರೆದುಕೊಟ್ಟು, ವಿಮಾನವನ್ನು ಹಾರಿಸುತ್ತಿದ್ದ ಬಾಂಬು ಗುರಿಕಾರನಿಗೆ ಮಾರ್ಗದರ್ಶನ ಮಾಡಿದನು. ಅಲ್ಜೀರಿಯಾದ ಬೋನ್ ನಿಲ್ದಾಣದಲ್ಲಿ ವಿಮಾನ ಇಳಿದ ಒಂಬತ್ತು ಗಂಟೆಗಳ ಬಳಿಕ ಸತ್ತನು. ಅಧಿಕೃತ ವಿವರಣೆಯ ಪ್ರಕಾರ ಗುಂಡು ಹಾರಿಸಿದುದು ಶತ್ರುವಿನ ಯುದ್ಧವಿಮಾನ. ಅದು ಜೊತೆಗೆ ಹಾರುತ್ತಿದ್ದ ಇನ್ನೊಂದು ಬ್ರಿಟಿಷ್ ಬಾಂಬರಿನ ಗನ್ನರ್ ಕತ್ತಲಲ್ಲಿ ತಪ್ಪಾಗಿ ಹಾರಿಸಿದ ಗುಂಡೆಂಬುದು ಆಮೇಲೆ ಸ್ಥಾಪಿತವಾಗಿದೆ. ಏರನ್‌ನ ಶೌರ್ಯ ಇದರಿಂದ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಪ್ರಶಸ್ತಿಯ ವಿವರಣೆಯು ಯುದ್ಧಕಾಲದ ಸರ್ಕಾರಿ ಬರಹವೆಂಬುದನ್ನು ಸಂಶೋಧಕರು ಮರೆಯುವಂತಿಲ್ಲ.

ಹೇಡಿಯೆಂಬ ಮುದ್ರೆ ಮತ್ತು ಒಂದು ಕಿಂಡಿ

ವೀರರೆಂಬ ಹೆಸರು ಸಾಕ್ಷಿಯನ್ನು ಅವಲಂಬಿಸಿದ್ದರೆ, ಹೇಡಿಯೆಂಬ ಹೆಸರು ಕಚೇರಿಯ ಟಿಪ್ಪಣಿಯೊಂದರಿಂದಲೇ ಅಂಟಿಕೊಳ್ಳುತ್ತಿತ್ತು. ಹಾರಲಾರೆನೆಂದವರನ್ನು ೧೯೪೦ರಿಂದ 'ನೈತಿಕ ಸ್ಥೈರ್ಯದ ಕೊರತೆ' ಎಂಬ ವರ್ಗಕ್ಕೆ ಸೇರಿಸಿ, ಎದೆಯ ಮೇಲಿನ ಹಾರಾಟದ ಲಾಂಛನವನ್ನು ಕಿತ್ತುಕೊಂಡು, ಕೀಳು ಕೆಲಸಗಳಿಗೆ ಹಾಕುತ್ತಿದ್ದರು. ಇಂಥವರ ಸಂಖ್ಯೆ ಒಟ್ಟು ಸಿಬ್ಬಂದಿಯಲ್ಲಿ ಅತ್ಯಲ್ಪ. ಇಪ್ಪತ್ತು ದಾಳಿಗಳನ್ನು ಮುಗಿಸಿ ಇಪ್ಪತ್ತೊಂದನೆಯದಕ್ಕೆ ಕೈಕಾಲು ಬಾರದವನಿಗೂ ಮೊದಲ ದಿನವೇ ಹಿಂಜರಿದವನಿಗೂ ಹೆಸರು ಒಂದೇ ಆಗಬಹುದಾಗಿತ್ತು. ಇಂದಿನ ವೈದ್ಯಶಾಸ್ತ್ರ ಇದನ್ನು ಮಾನಸಿಕ ಆಘಾತವೆಂದು ಕರೆದೀತು.

ಇದೇ ಕಾಲದಲ್ಲಿ ಬಾಂಬರ್ ಕಮಾಂಡಿನ ಸಂಶೋಧನಾ ವಿಭಾಗದಲ್ಲಿ ಫ್ರೀಮನ್ ಡೈಸನ್ ಎಂಬ ಹತ್ತೊಂಬತ್ತು ವರ್ಷದ ಗಣಿತಜ್ಞನಿದ್ದನು. ಮುಂದೆ ಭೌತವಿಜ್ಞಾನಿಯಾಗಿ ಪ್ರಸಿದ್ಧನಾದವನು ಇವನೇ. ಉರುಳಿದ ವಿಮಾನಗಳಿಂದ ಎಷ್ಟು ಮಂದಿ ಬದುಕಿ ಹೊರಬಂದರೆಂಬ ಲೆಕ್ಕವನ್ನು ಇವನ ವಿಭಾಗ ಮಾಡಿತು. ಅಮೆರಿಕದ ಬಾಂಬರುಗಳಿಂದ ಅರ್ಧದಷ್ಟು ಮಂದಿ, ಬ್ರಿಟನ್ನಿನ ಹ್ಯಾಲಿಫ್ಯಾಕ್ಸಿನಿಂದ ಕಾಲು ಭಾಗ, ಲ್ಯಾಂಕಾಸ್ಟರಿನಿಂದಲಾದರೋ ನೂರಕ್ಕೆ ಹದಿನೈದು ಮಂದಿ ಮಾತ್ರ. ಲ್ಯಾಂಕಾಸ್ಟರಿನ ಪಾರಾಗುವ ಕಿಂಡಿ ೨೨ ಅಂಗುಲ ಅಗಲ, ಹ್ಯಾಲಿಫ್ಯಾಕ್ಸಿನದು ೨೪ ಅಂಗುಲ. ದಪ್ಪ ಉಡುಪು ತೊಟ್ಟು ಪ್ಯಾರಾಚೂಟ್ ಕಟ್ಟಿಕೊಂಡವನಿಗೆ ಆ ಎರಡು ಅಂಗುಲ ಪ್ರಾಣದ ಬೆಲೆಯದು. ಕಿಂಡಿಯನ್ನು ಹಿಗ್ಗಿಸಬೇಕೆಂದು ವಿಭಾಗದವರು ವಾದಿಸಿದರೂ ಅದು ಸಕಾಲದಲ್ಲಿ ಆಗಲಿಲ್ಲವೆಂದು ಡೈಸನ್ ಮುಂದೆ ಕಹಿಯಿಂದ ನೆನೆದಿದ್ದಾನೆ. ಬದುಕಿ ಹೊರಬರುವವರೇ ಸಾಕ್ಷಿಗಳಾದ್ದರಿಂದ, ಯಾವ ವಿಮಾನದ ಕಿಂಡಿ ಕಿರಿದೋ ಅದರೊಳಗಿನ ಶೌರ್ಯ ದಾಖಲೆಯಾಗುವ ಸಾಧ್ಯತೆಯೂ ಕಡಿಮೆ.

ಕೆಳಗಿದ್ದವರು

ಈ ಚರಿತ್ರೆಯನ್ನು ವಿಮಾನದೊಳಗಿನಿಂದ ಮಾತ್ರ ನೋಡುವುದು ನ್ಯಾಯವಲ್ಲ. ೧೯೪೨ರ ಫೆಬ್ರವರಿಯ ಆದೇಶವು ಕಾರ್ಮಿಕ ವಸತಿಗಳಿರುವ ನಗರಪ್ರದೇಶಗಳನ್ನೇ ಗುರಿಯಾಗಿಸಿತು. ೧೯೪೩ರ ಜುಲೈಯಲ್ಲಿ ಹ್ಯಾಂಬರ್ಗಿನಲ್ಲಿ ಎದ್ದ ಬೆಂಕಿಯ ಬಿರುಗಾಳಿಯಲ್ಲಿ ಮೂವತ್ತೈದು ಸಾವಿರಕ್ಕೂ ಹೆಚ್ಚು ನಾಗರಿಕರು ಸತ್ತರು. ೧೯೪೫ರ ಫೆಬ್ರವರಿಯ ಡ್ರೆಸ್ಡೆನ್ ದಾಳಿಗಳಲ್ಲಿ ಸತ್ತವರು ಗರಿಷ್ಠ ಇಪ್ಪತ್ತೈದು ಸಾವಿರವೆಂದು ಆ ನಗರ ನೇಮಿಸಿದ ಇತಿಹಾಸಕಾರರ ಸಮಿತಿ ೨೦೧೦ರಲ್ಲಿ ನಿರ್ಣಯಿಸಿತು. ಮೇಲಿನ ಏಳು ಮಂದಿ ಪರಸ್ಪರರಿಗಾಗಿ ತೋರಿದ ತ್ಯಾಗವೂ ಕೆಳಗಿನ ಮನೆಗಳಲ್ಲಿ ಸತ್ತವರ ನೋವೂ ಒಂದೇ ರಾತ್ರಿಯ ಸಂಗತಿಗಳು. ಒಂದು ಇನ್ನೊಂದನ್ನು ಅಳಿಸಲಾರದು. ಬ್ರಿಟನ್ ಈ ಇಕ್ಕಟ್ಟನ್ನು ಬಹುಕಾಲ ಮೌನದಿಂದ ನಿಭಾಯಿಸಿತು. ಬಾಂಬರ್ ಸಿಬ್ಬಂದಿಗೆ ಪ್ರತ್ಯೇಕ ಪದಕ ಬರಲಿಲ್ಲ. ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಸ್ಮಾರಕ ಅನಾವರಣಗೊಂಡುದು ೨೦೧೨ರ ಜೂನ್ ೨೮ರಂದು. ಪದಕದ ಪಟ್ಟಿಯ ಮೇಲೆ ಧರಿಸುವ ಚಿಕ್ಕ ಲೋಹದ ಗುರುತೊಂದು ದೊರೆತುದು ೨೦೧೩ರಲ್ಲಿ. ಆ ಹೊತ್ತಿಗೆ ಅದನ್ನು ಧರಿಸಬೇಕಾದವರಲ್ಲಿ ಹೆಚ್ಚಿನವರು ಇರಲಿಲ್ಲ. ಗ್ರೀನ್ ಪಾರ್ಕಿನ ಸ್ಮಾರಕವು ದಾಳಿಗಳಲ್ಲಿ ಸತ್ತ ಎಲ್ಲ ದೇಶಗಳ ಜನರನ್ನೂ ಸ್ಮರಿಸುತ್ತದೆಂಬುದು ಉಲ್ಲೇಖಾರ್ಹ.

ಕೋಲಾರ ಮತ್ತು ಬಂಗಾಳ ಕೊಲ್ಲಿ

ಯುರೋಪಿನ ಈ ಚರಿತ್ರೆಯ ಒಂದು ಎಳೆ ಕರ್ನಾಟಕದ ನೆಲವನ್ನೂ ಮುಟ್ಟುತ್ತದೆ. ಬರ್ಮಾ ರಣರಂಗಕ್ಕಾಗಿ ಲಿಬರೇಟರ್ ಸಿಬ್ಬಂದಿಯನ್ನು ತಯಾರುಮಾಡುವ ತರಬೇತಿ ಘಟಕವೊಂದು ಆಗಿನ ಮೈಸೂರು ಸಂಸ್ಥಾನದ ಕೋಲಾರದಲ್ಲಿತ್ತು. ಅದರಿಂದಲೇ ೧೯೪೪ರ ನವೆಂಬರಿನಲ್ಲಿ ೩೫೮ನೆಯ ಸ್ಕ್ವಾಡ್ರನ್ ಕೋಲಾರದಲ್ಲಿ ರಚನೆಯಾಯಿತು. ಮುಂದೆ ಅದು ಬಂಗಾಳದಿಂದ ಹಾರಿ ಜಪಾನಿ ಆಕ್ರಮಿತ ನಾಡುಗಳ ಕಾಡುಗಳಲ್ಲಿ ಗುಪ್ತಚರರನ್ನೂ ಸಾಮಗ್ರಿಯನ್ನೂ ಇಳಿಸುವ ಕೆಲಸ ಮಾಡಿತು. ಯುದ್ಧಾನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರುಗಳನ್ನು ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ದುರಸ್ತಿಗೊಳಿಸಿ ೧೯೪೮ರಿಂದ ಭಾರತೀಯ ವಾಯುಪಡೆ ಬಳಸಿತು.

ಇದೇ ಬಗೆಯ ವಿಮಾನದಲ್ಲಿ ಮುಗಿದ ಒಂದು ಬದುಕು ಸಾಕ್ಷ್ಯದ ಪ್ರಶ್ನೆಯ ಎರಡೂ ಕೊನೆಗಳನ್ನು ಮುಟ್ಟುತ್ತದೆ. ಜೇಮ್ಸ್ ನಿಕಲ್ಸನ್ ಮೂಲತಃ ಬಾಂಬರ್‌ನವನಲ್ಲ. ಇಡೀ ಯುದ್ಧದಲ್ಲಿ ಬ್ರಿಟನ್ನಿನ ಫೈಟರ್ ಕಮಾಂಡಿನಿಂದ ವಿಕ್ಟೋರಿಯಾ ಕ್ರಾಸ್ ಪಡೆದ ಒಬ್ಬನೇ ಪೈಲಟ್. ೧೯೪೦ರ ಆಗಸ್ಟ್ ೧೬ರ ಹಾಡುಹಗಲಿನಲ್ಲಿ, ಸೌತಾಂಪ್ಟನ್ ಪ್ರದೇಶದ ಜನ ತಲೆಯೆತ್ತಿ ನೋಡುತ್ತಿದ್ದಂತೆ, ಉರಿಯುವ ವಿಮಾನದಿಂದ ಹಾರಿಕೊಳ್ಳದೆ ಶತ್ರುವಿನ ಮೇಲೆ ಗುಂಡು ಹಾರಿಸಿದವನು. ಐದು ವರ್ಷಗಳ ಬಳಿಕ, ೧೯೪೫ರ ಮೇ ೨ರಂದು, ಬಂಗಾಳದ ಸಾಲ್ಬನಿಯ ೩೫೫ನೆಯ ಸ್ಕ್ವಾಡ್ರನ್ನಿನ ಲಿಬರೇಟರ್ ಒಂದರಲ್ಲಿ ವೀಕ್ಷಕನಾಗಿ ಹೊರಟನು. ಇಂಜಿನ್ನಿಗೆ ಬೆಂಕಿ ಹತ್ತಿ ವಿಮಾನ ಬಂಗಾಳ ಕೊಲ್ಲಿಗೆ ಬಿದ್ದಿತು. ಅವನ ಶರೀರ ಸಿಗಲಿಲ್ಲ. ಗೋರಿಯಿಲ್ಲದವರ ಹೆಸರುಗಳನ್ನು ಕೆತ್ತಿರುವ ಸಿಂಗಪುರದ ಸ್ಮಾರಕದ ಕಲ್ಲಿನಲ್ಲಿ ಅವನ ಹೆಸರೂ ಇದೆ.